ಅಮ್ಮ ಕಣ್ಣು ಮುಚ್ಚಿಕೊಂಡಳು

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಅತ್ತಿಗೆ, ಆಕೆಯ ನಾದಿನಿ ಇಬ್ಬರೂ ಕೂತು ಮಾತಾಡುತ್ತಿದ್ದರು. ಅತ್ತಿಗೆಯ ತಾಯಿಯನ್ನು ಪೊರೆ ತೆಗೆಯಲು ಒಳಗೆ ಕರೆದೊಯ್ದಿದ್ದರು.

"ಅಂತೂ ನಿಮ್ಮಮ್ಮನ್ನ ಒಪ್ಪಿಸಿಬಿಟ್ರಿ. ಹೇಗೆ ಅತ್ತಿಗೆ?"

"ನಮ್ಮ ಕಂಪ್ಯೂಟರ್ ಕ್ಯಾಮೆರಾ ಸರಿ ಮಾಡ್ಕೊಂಡು."

"ಕ್ಯಾಮೆರಾನಾ?"

"ಅಮ್ಮನಿಗೆ ಕಿವಿ ಕೇಳಲ್ವಲ್ಲ, ವಿಡಿಯೋದಲ್ಲಿ ಕೈಸನ್ನೆಯಲ್ಲೇ ನಮ್ಮ ಮಾತು. ಆಪರೇಷನ್ ಅನ್ನೋಷ್ಟರಲ್ಲಿ ಅವಳ ಸ್ಕ್ರೀನಲ್ಲಿ ನನ್ನ ಕೈ ಅರ್ಧದಲ್ಲೇ ನಿಂತುಬಿಡೋದು. ಅದೇ ಸಂದಿಯಲ್ಲಿ ಅವಳು ಮಾತು ಬದಲಾಯಿಸೋಳು."

"ಅಣ್ಣ ನೆಟ್ ಸರಿಯಿಲ್ಲ ಅಂತಿದ್ದ."

"ನೆಟ್ಟಿನ ತಪ್ಪೇ ಅಲ್ಲ. ಯುಎಸ್‌ಬಿ ಸೆಟ್ಟಿಂಗಲ್ಲಿ, ಪವರ್ ಉಳಿಸೋಕೆ ಇದನ್ನ ಆಫ್ ಮಾಡಬಹುದು ಅಂತ ಒಂದು ಟಿಕ್ ಇತ್ತು. ಕಂಪ್ಯೂಟರ್ ಮಧ್ಯೆ ಮಧ್ಯೆ ಕ್ಯಾಮೆರಾದ ಕರೆಂಟ್ ಕಿತ್ಕೊಳ್ತಿತ್ತು."

"ಖಾಲಿ ರೂಮಲ್ಲಿ ಫ್ಯಾನ್ ಆರಿಸ್ತಾ ಓಡಾಡೋ ನಮ್ಮಣ್ಣನ ಹಾಗೆ."

"ಖಾಲಿ ರೂಮಾದ್ರೆ ಪರವಾಗಿಲ್ಲ, ನಾನು ಕೂತಿರುವಾಗ್ಲೇ ಆರಿಸ್ತಾರೆ. ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದೆ ನೋಡು, ಅರಳು ಹುರಿದ ಹಾಗೆ ಕೈ ಓಡ್ತು. ಹೇಳಬೇಕಾದ್ದೆಲ್ಲ ಹೇಳಿ ಮುಗಿಸಿದೆ."

"ಅವರೇನಂದ್ರು?"

"ಕಣ್ಣು ಮುಚ್ಕೊಂಡು ಕೂತುಬಿಟ್ಲು. ಅವಳು ಕಿವಿ ಮುಚ್ಕೊಳ್ಳೋದು ಹಾಗೇ. ನಾನೂ ಕೈ ಇಳಿಸದೆ ಕಾದೆ. ಎಷ್ಟು ಹೊತ್ತು ಅಂತ ಮುಚ್ಕೊಂಡಿರ್ತಾಳೆ? ಕೊನೆಗೆ ಕಣ್ಣು ಬಿಟ್ಟು, ಆಯ್ತು, ಕರ್ಕೊಂಡು ಹೋಗು ಅಂದ್ಲು."

ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡ ಅಜ್ಜಿ ಹೊರಬಂದರು. ಅತ್ತಿಗೆ ಎದ್ದು ಹೋಗಿ ಅವರ ಮುಂದೆ ನಿಂತು ಎರಡೂ ಕೈ ಆಡಿಸತೊಡಗಿದರು.

"ಏನು ಹೇಳ್ತಿದ್ದೀರಿ ಅತ್ತಿಗೆ?"

"ಇನ್ನೊಂದು ಕಣ್ಣಿಗೂ ಇವತ್ತೇ ದಿನ ಗೊತ್ತು ಮಾಡಿಬಿಡೋಣ ಅಂತ."

ಅಜ್ಜಿ ಉಳಿದ ಕಣ್ಣನ್ನೂ ಮುಚ್ಚಿಕೊಂಡು, ಮಗಳ ತೋಳು ಹಿಡಿದು ಹೊರಬಾಗಿಲ ಕಡೆ ನಡೆದರು.