ಒಂದೇ ಕೋಣೆಯಲ್ಲಿ ತುಲ್ಯಭಾರ

ಅಧ್ಯಕ್ಷತೆ ವಹಿಸಿರುವ ಪಾದ್ರಿಗಳೇ, ಪ್ರಾಂಶುಪಾಲರೇ, ಮುಂದಿನ ಚಾಪೆಗಳ ಮೇಲೆ ಕೂತಿರುವ ಹಿರಿಯರೇ, ಸಭಿಕರೇ,

ಭಾಷಣ ಬರೆದೇ ತರಬೇಕೆಂದು ಯಾರು ಹೇಳಿಕಳಿಸಿದರೋ ಗೊತ್ತಿಲ್ಲ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವನಿಗೆ ಇದು ಶಿಕ್ಷೆ. ಬಾಯಿಗೆ ಬಂದದ್ದು ಸಾಲದೇ? ಇರಲಿ, ಬರೆದಿದ್ದೇನೆ.

ನನ್ನ ಮಗಳು ಲೋಸೆ ಈ ಶಾಲೆಯ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದಳೆಂದು ಈ ಸನ್ಮಾನ. ಸಂತೋಷ. ಆದರೆ ಅವಳಿಗೆ ಲೆಕ್ಕ ಹೇಳಿಕೊಟ್ಟವರು ಯಾರು? ಅವಳ ಅಣ್ಣ ಸೇಮಿಸಿ. ಇಬ್ಬರದೂ ಒಂದೇ ತರಗತಿ. ನಮ್ಮ ಟೋಂಗಾದ ಪದ್ಧತಿಯಲ್ಲಿ ವಯಸ್ಸಿಗೆ ಬಂದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ. ಶಾಲೆಯಲ್ಲಿ ಅವನು ಕಿಟಕಿಯಾಚೆ ಕೂತು ಪಾಠ ಕೇಳಿದ. ಮನೆಯಲ್ಲಿ ಅವಳು ಒಳಗೆ, ಇವನು ಜಗಲಿಯಲ್ಲಿ. ತಂಗಿಗೆ ಕೇಳಿಸಲೆಂದು ತಾಯಿಗೆ ಪಾಠ ಹೇಳುತ್ತಿದ್ದ.

"ಅಮ್ಮಾ, ಮೊದಲು ಆಮ್ಲ ತೂಗಿ, ನೀರಲ್ಲಿ ಕರಗಿಸಿ, ಬಣ್ಣ ತೋರಿಸೋ ಸೂಚಕ ಹಾಕ್ಬೇಕು. ತಿಳಿ ಗುಲಾಬಿ ಬಣ್ಣ ಬರೋವರೆಗೆ ಕ್ಷಾರ ಹನಿ ಹನಿ ಬಿಡ್ಬೇಕು. ಕ್ಷಾರದ ನಾರ್ಮಾಲಿಟಿನ, ಅಂದ್ರೆ ಅದರ ಸಾಂದ್ರತೆನ, ಬಿಟ್ಟ ಲೀಟರಿಂದ ಗುಣಿಸು. ಬಂದದ್ದರಿಂದ ಆಮ್ಲದ ಗ್ರಾಂ ಭಾಗಿಸಿದ್ರೆ ತುಲ್ಯಭಾರ."

"ಇದನ್ನ ಕಟ್ಕೊಂಡು ನಾನೇನು ಗೆಣಸು ಬೇಯಿಸ್ಲೇನೋ?"

"ಬೇಯಿಸ್ಬೇಡ. ಮಿಲಿಲೀಟರನ್ನ ಲೀಟರಿಗೆ ತರೋದು ಮರೀಬೇಡ, ಅಷ್ಟೆ."

ಒಳಗೆ ಲೋಸೆ ನಗುತ್ತ ಬರೆದುಕೊಳ್ಳುತ್ತಿದ್ದಳು.

ಪ್ರಯೋಗ ಪರೀಕ್ಷೆಗೆ ಹೊರದೇಶದ ಪರೀಕ್ಷಕರು ಬಂದರು. ಹೆಸರು ಹೇಳದೆ ಒಂದು ಸಾವಯವ ಆಮ್ಲ ಕೊಟ್ಟು ಅದರ ತುಲ್ಯಭಾರ ಕಂಡುಹಿಡಿಯಿರಿ ಎಂದರು. ಒಂದೇ ಕೋಣೆ, ಒಂದೇ ತಕ್ಕಡಿ. ಸೇಮಿಸಿ ಆಗಲೇ ಆಮ್ಲ ತೂಗಿದ್ದನಂತೆ. ತಂಗಿ ಬಾಗಿಲಿಗೆ ಬಂದದ್ದು ಕಂಡು ತಲೆ ತಗ್ಗಿಸಿ ಹೊರಟ.

"ಹೊರಗೆ ಹೋದ್ರೆ ಸೊನ್ನೆ," ಎಂದರು ಪರೀಕ್ಷಕರು.

"ಹಾಕ್ಕೊಳ್ಳಿ ಸಾರ್. ಅವಳು ಮಾಡ್ಲಿ."

ಅವಳು ಮಾಡಿದಳು. ಅವಳಿಗೆ ವಿದ್ಯಾರ್ಥಿವೇತನ ಬಂತು. ಅವನು ಮೀನಿನ ಹಡಗು ಹತ್ತಿದ. ಹಡಗು ಮರಳಲಿಲ್ಲ. ಹೂಳುವುದಕ್ಕೂ ಏನೂ ಸಿಗಲಿಲ್ಲ. ದೇಹ ಸಿಕ್ಕರೆ ಸುತ್ತಿ ಹೂಳಲೆಂದು ತಾಯಿ ಹೆಣೆದ ಚಾಪೆ ಮನೆಯಲ್ಲೇ ಇದೆ. ಪದ್ಧತಿಯನ್ನು ಬೈಯಲೇ? ಬೈಯುವುದಿಲ್ಲ. ನನ್ನ ಮಗ ಸರಿಯಾಗಿಯೇ ನಡೆದುಕೊಂಡ. ಶಾಲೆ ನಡೆದುಕೊಂಡಿತೇ?

ಈ ವರ್ಷವೂ ಲೋಸೆಯ ತರಗತಿಯಲ್ಲಿ ಒಂದೇ ಮನೆಯ ಅಣ್ಣ ತಂಗಿ ಇದ್ದಾರೆ. ಒಬ್ಬರಿಗೆ ಬೆಳಿಗ್ಗೆ, ಇನ್ನೊಬ್ಬರಿಗೆ ಮಧ್ಯಾಹ್ನ ಪರೀಕ್ಷೆ ಇಡಿ ಎಂದು ಅವಳು ಕೇಳಿದಳು. "ನೋಡೋಣ" ಎಂದಿರಿ, ಪ್ರಾಂಶುಪಾಲರೇ. ಅವಳು ಮೃದು, ಸುಮ್ಮನಾದಳು. ನಾನು ಸುಮ್ಮನಾಗುವವನಲ್ಲ.

ಮಗಳಿಗೆ ಹಾರ ಹಾಕಿದ್ದಕ್ಕೆ, ಹಂದಿ ಸುಟ್ಟು ಬಡಿಸುತ್ತಿರುವುದಕ್ಕೆ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ. ಪರೀಕ್ಷೆಯನ್ನು ಎರಡು ಹೊತ್ತು ಇಡುತ್ತೀರೋ ಇಲ್ಲವೋ, ಅಕ್ಟೋಬರ್ ಹತ್ತನೆಯ ತಾರೀಕಿನೊಳಗೆ ನನಗೆ ಹೇಳಿ.