ಬಿಸಿಗೆ ಕುಗ್ಗಿದ ತುಂಡು

...ಅಯ್ಯೋ, ಬಿಡೇ ಪುಟ್ಟಿ! ಲ್ಯಾಬೆಲ್ಲಾ ತಲೆಕೆಳಗು ಮಾಡಿ ಹುಡುಕಿದ್ದಾಯ್ತಲ್ಲ. ನೀನು ಮಾಡಿದ್ದು ಉಗುರಿನಷ್ಟು ಪಿಂಗಾಣಿ ತುಂಡು, ಎಲ್ಲೋ ಉರುಳಿ ಕಸದ ಜೊತೆ ಹೋಗಿರುತ್ತೆ. ಅದಕ್ಕೆ ಹೀಗೆ ಮುಖ ಊದಿಸ್ಕೊಂಡು ಕೂತ್ರೆ?

ತಪ್ಪು ನಿಂದೇ. ಬಿಸಿ ಮಾಡಿದೆ, ಕುಗ್ಗಿತು... ಅಷ್ಟಕ್ಕೇ ಕುಲುಮೆ ಆರಿಸಿ, ಕುಣ್ಕೊಂಡು ಮೇಷ್ಟ್ರ ಹತ್ರ ಓಡಿದೆ. ಆರೋವಾಗ ಏನಾಗುತ್ತೆ ಅಂತ ನೋಡ್ಬೇಕೋ ಬೇಡ್ವೋ? ಹಸಿ ಮಣ್ಣು ಸುಟ್ಟರೂ ಕುಗ್ಗುತ್ತೆ ಕಣೇ! ಒಳಗಿನ ಪಸೆ ಹೋಯ್ತು, ಕುಗ್ಗಿತು. ಆರಿದ ಮೇಲೆ ಮತ್ತೆ ಮೊದಲಿನಷ್ಟೇ ಆದ್ರೆ ತಾನೇ ದೊಡ್ಡ ವಿಷಯ? ನಾಳೆ ಎಲ್ಲರ ಮುಂದೆ ನೀನು ತೋರಿಸೋವಾಗ ಯಾರಾದ್ರೂ ಇದನ್ನೇ ಕೇಳಿದ್ರೆ? ಅದಕ್ಕೇ ಹೇಳ್ತಿದೀನಿ, ಅವಸರ ಮಾಡಿಬಿಟ್ಟೆ ಅಂತ ಮೇಷ್ಟ್ರಿಗೆ ಇವತ್ತೇ ಹೇಳ್ಬಿಡು.

ಯಾಕೆ ನಗ್ತೀಯ? ಹೊಟ್ಟೆಕಿಚ್ಚು ಅಂತಾನಾ? ಹೌದು ಕಣೇ, ಹೊಟ್ಟೆಕಿಚ್ಚೇ! ನಿನಗಿಂತ ಮೊದಲು ಈ ಲ್ಯಾಬಿಗೆ ಬಂದೋಳು ನಾನು. ಈ ಕುಲುಮೆ ಮುಂದೆ ಬೆಂದು ಬೆಂದು ಸಾಕಾಗಿದೆ. ನಾನು ಮಾಡಿದ್ದೆಲ್ಲಾ ಬಿಸಿಗೆ ಹಿಗ್ಗಿದ್ದೇ ಹಿಗ್ಗಿದ್ದು! ನೀನು ಮೊನ್ನೆ ಮೊನ್ನೆ ಬಂದೆ, ಮೇಷ್ಟ್ರು ಬೆನ್ನು ತಟ್ಟಿದ್ರು. ನನಗೆ ಯಾವತ್ತು ತಟ್ಟಿದ್ರು ಹೇಳು?

ಯಾಕೆ ಕುಗ್ಗುತ್ತೆ ಅಂತ ನಂಗೊತ್ತಿಲ್ವಾ? ನಿಂಗೆ ಹೇಳ್ಕೊಟ್ಟಿದ್ದೇ ನಾನು! ಒಳಗೆ ಅಣುಗಳ ಗೂಡುಗಳು... ಮೂಲೆಗೆ ಮೂಲೆ ಮಾತ್ರ ಹಿಡ್ಕೊಂಡಿರ್ತವೆ, ನಡುವೆ ಬರೀ ಖಾಲಿ. ಮೂಲೆಯಲ್ಲಿರೋ ಆಮ್ಲಜನಕ ಬಿಸಿಗೆ ಅಡ್ಡಡ್ಡ ತೂಗುತ್ತೆ. ಚಿಕ್ಕವರಿದ್ದಾಗ ನಾವಿಬ್ರೂ ಹಗ್ಗದ ಎರಡು ತುದಿ ಹಿಡ್ಕೊಂಡು ಬೀಸ್ತಿರಲಿಲ್ವಾ? ಹಗ್ಗ ಅಗಲಕ್ಕೆ ಬೀಸಿದಷ್ಟೂ ನಾವು ಹತ್ತಿರ ಹತ್ತಿರ ಬರ್ಬೇಕಾಗ್ತಿತ್ತು. ಹಾಗೇನೇ ಇದೂ! ತೂಗಾಟ ಜೋರಾದ್ರೆ ಗೂಡುಗಳು ವಾಲ್ಕೊಂಡು ಹತ್ತಿರ ಬರ್ತವೆ, ಖಾಲಿ ಜಾಗ ತುಂಬುತ್ತೆ. ಆರ್ತಾ ಆರ್ತಾ ತೂಗಾಟ ಕಮ್ಮಿ... ಆಗ ನೋಡ್ಬೇಕಿತ್ತು ನೀನು! ಎಷ್ಟು ಮೆಲ್ಲಗೆ ಹಿಗ್ತಾ ಬಂತು ಗೊತ್ತಾ? ಒಂದು ಕೂದಲೆಳೆ ಕೂಡ ವ್ಯತ್ಯಾಸ ಇಲ್ಲ, ಮೊದಲು ಎಷ್ಟಿತ್ತೋ ಅಷ್ಟೇ...

...

ಅಲ್ಲ... ಹಾಗಾಗಿರ್ಬೇಕು ಅಂದೆ. ಲೆಕ್ಕದ ಪ್ರಕಾರ.

ಏನು ಹಾಗೆ ನೋಡ್ತೀಯ? ಬೇರೆ ಯಾವುದೋ ತುಂಡು ಕಣೇ, ನಂದೇ ಒಂದು ಹಳೇದು... ನಗೋದಾದ್ರೂ ನಗು. ಬೈಯಿ. ಏನಾದ್ರೂ ಅನ್ನೇ!

ಎಲ್ಲಿಗೆ ಎದ್ದೆ? ಅದು ನನ್ನ ಬ್ಯಾಗು. ಪುಟ್ಟೀ... ಮುಟ್ಟಬೇಡ ಅಂದ್ನಲ್ಲ! ನಾಳೆ ಕಳೀಲಿ, ಆಮೇಲೆ ನಾನೇ ಕೊಡ್ತಿದ್ದೆ ಕಣೇ, ಆಣೆ... ಪುಟ್ಟೀ, ಒಂದು ಸಲ ಅಕ್ಕಾ ಅಂತಾದ್ರೂ ಕರಿಯೇ.