ಹದವಾದ ನೀರು

ಮಹಾಂತೇಶ ಆ ರಾತ್ರಿ ಸೈಕಲ್ಲನ್ನ ತಳ್ಳಿಕೊಂಡೇ ಹೊರಟಿದ್ದ. ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಹತ್ತೂವರೆ ಆಗಿರಬೇಕು. ಯಾದವಗಿರಿ ಗೊತ್ತಲ್ಲ, ಎಂಟಕ್ಕೇ ಗೇಟು ಹಾಕಿಕೊಂಡು ಮಲಗುವ ಬೀದಿಗಳು. ಅವನು ಕೆಲಸಕ್ಕಿದ್ದ ಬಂಗಲೆಯ ಹಿತ್ತಲಿಂದ ಗೇಟಿಗೆ ಬರಬೇಕಾದರೆ ಹಳೇ ಬಾವಿ ದಾಟಬೇಕು. ಬಾವಿಗೆ ಕಲ್ಲುಚಪ್ಪಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಪಕ್ಕದಲ್ಲೇ ಹೊಸದಾಗಿ ಕಟ್ಟಿದ ಬಿಸಿನೀರಿನ ತೊಟ್ಟಿ.

ಬಾವಿ ದಾಟಿದ... ಹಿಂದೆ 'ಗುಳಕ್' ಅಂತು.

ನಿಂತ.

ತಂಬಿಗೆಯನ್ನ ನೀರಿಗೆ ಅದ್ದಿದರೆ ಒಳಗಿನ ಗಾಳಿ ಹೊರಗೆ ಬರುತ್ತಲ್ಲ, ಆ ಸದ್ದು. ಆಮೇಲೆ 'ಸೊರ್ರ್...' ಅಂತ ಸುರಿದ ಸದ್ದು. ಮತ್ತೆ 'ಗುಳಕ್'. ಮೋಟಾರು ನಿಲ್ಲಿಸಿದ್ದವನು ಅವನೇ. ತೊಟ್ಟಿಗೆ ಮುಚ್ಚಳ ಎಳೆದು ನಾಲ್ಕೂ ಕೊಂಡಿ ಹಾಕಿದ್ದವನೂ ಅವನೇ. ವಾಪಸ್ ಹೋಗಿ ಮುಚ್ಚಳದ ಮೇಲೆ ಅಂಗೈ ಇಟ್ಟ. ಒಣಗಿತ್ತು. ಸದ್ದು ನಿಂತಿತು. ಪೈಪಿನಲ್ಲಿ ಗಾಳಿ ಸೇರಿದೆ ಅಂದುಕೊಂಡು ಮನೆಗೆ ಬಂದ.

ಮಹಾಂತೇಶ ನನ್ನ ದೊಡ್ಡಪ್ಪನ ಮಗ. ಇದು ಎರಡು ಸಾವಿರದ ನಾಲ್ಕರ ಮಾತು. ನಾನು ಆಗ ಲಾರಿ ಕ್ಲೀನರ್ ಕೆಲಸ ಬಿಟ್ಟು, ಮುಂದೆ ಎಲ್ಲಿಗೆ ಅಂತ ಗೊತ್ತಿಲ್ಲದೆ ಹೂಟಗಳ್ಳಿಯ ಅವನ ಮನೆಯಲ್ಲಿ ಬಿದ್ದಿದ್ದೆ. ಅವನಿಗೆ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಬಾಯ್ಲರ್ ನೀರು ಪರೀಕ್ಷೆ ಮಾಡುವ ಕೆಲಸವಿತ್ತು. ಫ್ಯಾಕ್ಟರಿ ಮುಚ್ಚಿತು. ಎಂಟು ತಿಂಗಳು ಮನೆಯಲ್ಲಿ ಕೂತ. ಹೆಂಡತಿ ಅಕ್ಷತಾ ಬಸುರಿ. ಅವಳಿಗೆ ತಾಯಿ ಇರಲಿಲ್ಲ, ಬಾಣಂತನವೂ ಇವನ ಮನೆಯಲ್ಲೇ ಆಗಬೇಕು. ಅಂಥ ಹೊತ್ತಲ್ಲಿ ಸಿಕ್ಕಿದ್ದು ಈ ಬಂಗಲೆಯ ಕೆಲಸ. ಯೋಗ ಕಲಿಯೋಕೆ ಬರುವ ಫಾರಿನ್‌ನವರಿಗೆ ಅದನ್ನ ಗೆಸ್ಟ್ ಹೌಸ್ ಮಾಡಿದ್ದರು. ಬೆಳಗಿನ ಜಾವ ಮೈ ಮುರಿಯುವಂತೆ ಆಸನ ಹಾಕಿ ಬಂದು, ಐದಾರು ಜನ ಒಟ್ಟಿಗೆ ಆ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಕೂರೋರು. ಸಾಯಂಕಾಲ ಮತ್ತೆ.

"ಸ್ನಾನ ಮಾಡಿದ ನೀರಲ್ಲೇ ಮತ್ತೆ ಸ್ನಾನವಾ? ಥೂ!" ಅಂತ ಅಕ್ಷತಾ ನಗೋಳು. "ನೀರಿಗೆ ಜ್ವರ ನೋಡೋ ಗಂಡ ಸಿಕ್ಕಿದಾನೆ ನನಗೆ."

ಜ್ವರ ನೋಡೋದೇ ಅದು. ನೀರು ಬದಲಾಯಿಸೋದು ತಿಂಗಳಿಗೊಂದು ಸಲ. ಅಲ್ಲಿವರೆಗೆ ಅದೇ ನೀರನ್ನ ಹದವಾಗಿಡಬೇಕು. ಹುಳಿ ಜಾಸ್ತಿಯಾದರೆ ಸೋಡಾ, ಕ್ಷಾರ ಜಾಸ್ತಿಯಾದರೆ ಆಸಿಡ್, ಕ್ರಿಮಿ ಕೊಲ್ಲೋಕೆ ಕ್ಲೋರಿನ್. ಬೆರಳುದ್ದದ ಗಾಜಿನ ಕೊಳವೆಗೆ ನೀರು ತುಂಬಿ ಐದು ಹನಿ ಮದ್ದು ಹಾಕಿದರೆ, ಕ್ಲೋರಿನ್ ಇದ್ದಷ್ಟು ಹಳದಿ ಆಗುತ್ತೆ. ಒಬ್ಬೊಬ್ಬ ಮನುಷ್ಯ ಇಳಿದಾಗಲೂ ಅವನ ಬೆವರು, ಮೈಯೆಣ್ಣೆ ಒಂದಷ್ಟು ಕ್ಲೋರಿನ್ ತಿಂದುಬಿಡುತ್ತೆ. ಮಹಾಂತೇಶ ಕೊಳವೆಯನ್ನ ಬೆಳಕಿಗೆ ಹಿಡಿದು, "ನಿನ್ನೆ ನಾನು ಹೋದಮೇಲೆ ಮೂರು ಜನ ಇಳಿದಿದ್ರು" ಅನ್ನೋನು. ಕೇಳಿದರೆ ಸರಿಯಾಗಿ ಮೂರೇ ಜನ.

ಅದಕ್ಕೇ ಮಾರನೇ ಬೆಳಿಗ್ಗೆ ಅವನು ಹೆದರಿದ್ದು.

ಕೊಳವೆ ಬಿಳಿ. ಒಂದು ಚೂರೂ ಹಳದಿ ಇಲ್ಲ. ರಾತ್ರಿ ತುಂಬಾ ಹಾಕಿಟ್ಟಿದ್ದ ಕ್ಲೋರಿನ್ ಪೂರ್ತಿ ಖಾಲಿ. ನೀರು ಅಕ್ಕಿ ತೊಳೆದ ಹಾಗೆ. ಅಂಚಿನ ಟೈಲ್ಸಿಗೆ ಜಿಡ್ಡಿನ ಗೆರೆ. ಮೂಸಿ ನೋಡಿದ... ಹರಳೆಣ್ಣೆ. ಸೀಗೆಪುಡಿ.

ಫಾರಿನ್‌ನವರು ಸೀಗೆಪುಡಿ ಹಾಕ್ತಾರಾ?

ವಾರವೆಲ್ಲ ಇದೇ ಆಯಿತು. ಎಷ್ಟು ಹಾಕಿದರೂ ಬೆಳಿಗ್ಗೆ ಸೊನ್ನೆ. ಒಬ್ಬ ಹುಡುಗಿಯ ಬೆನ್ನೆಲ್ಲ ಗಂಧೆ ಎದ್ದಿತು. ಓನರ್ ಲಕ್ಷ್ಮೀನರಸಿಂಹ ತೊಟ್ಟಿಯ ಹತ್ತಿರ ಬಂದು ನಿಂತರು.

"ರಾತ್ರಿ ಯಾರನ್ನ ಇಳಿಸ್ತಿದೀಯಪ್ಪ?"

"ಯಾರೂ ಇಲ್ಲ ಸಾರ್."

"ಹಾಗಾದ್ರೆ ನೀರು ತಾನೇ ಸ್ನಾನ ಮಾಡ್ಕೊಳ್ತಾ?" ಅಂತ ಮುಚ್ಚಳದ ಕಡೆ ಕೈ ತೋರಿಸಿದರು. "ಇವತ್ತಿಂದ ಮುಚ್ಚಳಕ್ಕೆ ಬೀಗ. ಕೀ ನನ್ನ ಹತ್ರ ಇರುತ್ತೆ. ನಾಳೆ ಆರಕ್ಕೆ ನಾನೇ ಬಂದು ತೆಗೀತೀನಿ, ನನ್ನೆದುರಿಗೇ ಪರೀಕ್ಷೆ ಮಾಡು. ನೀರು ಸರಿಯಿದ್ರೆ ನೀನೂ ಇರ್ತೀಯ. ಇಲ್ಲಾಂದ್ರೆ ಸೈಕಲ್ ಎತ್ಕೊಂಡು ಹೊರಡು."

ಅಂಗಳ ಗುಡಿಸುವ ಚಲುವಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವರು ಒಳಗೆ ಹೋದಮೇಲೆ ಪೊರಕೆ ಕೆಳಗಿಟ್ಟು ಹತ್ತಿರ ಬಂದಳು. ಪಿಸುಗುಟ್ಟಿದಳು.

"ಅವಳು ಬತ್ತಾವ್ಳೆ ಕಣಪ್ಪ."

"ಯಾರು?"

"ಈ ಜಾಗ್ದಲ್ಲಿ ಬಚ್ಚಲುಮನೆ ಇತ್ತು. ಒಲೆ ಬಾಯಿ ಹೊರಗಡೀಕೆ. ನಮ್ಮವ್ವ ಬೀರಮ್ಮ ಸೌದೆ ಹಾಕೋಳು. ಒಳಗೆ ಆ ಮನೆ ಸೊಸೆ... ಹನ್ನೊಂದು ದಿನದ ಬಾಣಂತಿ. ತೊಡೆ ಮೇಲೆ ಕೂಸು. ಕುದಿಯೋ ನೀರು ಉಯ್ದವ್ರೆ. ಸಾಕು, ಸಾಕು ಅಂದ್ಲಂತೆ. ಅತ್ತೆ ಒಳಗಿಂದ, ಉರಿ ಹಾಕೇ ಬೀರಿ ಅಂದ್ಲಂತೆ."

"ಆಮೇಲೆ?"

"ನಮ್ಮವ್ವ ಉರಿ ಹಾಕಿದ್ಲು." ಚಲುವಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಾಯಿ, ಕೂಸು ಎಲ್ಡೂ ಉಳೀನಿಲ್ಲ. ನಮ್ಮವ್ವ ಸಾಯೋಗಂಟ ಅದನ್ನೇ ಹೇಳ್ಕಂಡು ಅತ್ಲು. ಈಗ ನೀನು ಹದವಾಗಿ ನೀರು ಕಾಯಿಸಿ ಮಡಗ್ತೀಯ. ಬಂದು ಕೂತ್ಕತಾಳೆ, ಅಷ್ಟೇ. ಸುಮ್ಕಿದ್ಬುಡು."

ಸುಮ್ಮನಿರೋದು ಹೇಗೆ? ಅಕ್ಷತಾಗೆ ದಿನ ತುಂಬಿತ್ತು.

ಅವತ್ತು ರಾತ್ರಿ ಮಹಾಂತೇಶ ಆ ಕೆಲಸದಲ್ಲಿ ಯಾರೂ ಮಾಡಬಾರದ್ದನ್ನ ಮಾಡಿದ. ನೀರು ತುಂಬ ಕೆಟ್ಟಾಗ ಕ್ಲೋರಿನ್ ನಾಲ್ಕು ಪಟ್ಟು ಹಾಕೋದುಂಟು. ಆಗ ಮುಚ್ಚಳ ತೆಗೆದಿಡಬೇಕು, ಘಾಟು ಹೊರಗೆ ಹೋಗಬೇಕು, ಯಾರೂ ಬೆರಳೂ ಅದ್ದಬಾರದು. ಇವನು ಎಂಟು ಪಟ್ಟು ಹಾಕಿದ. ಮುಚ್ಚಳ ಎಳೆದ. ಲಕ್ಷ್ಮೀನರಸಿಂಹ ಬೀಗ ಜಡಿದು ಕೀ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಹತ್ತೂವರೆ.

ಸೈಕಲ್ ತಳ್ಳಿಕೊಂಡು ಬಾವಿ ದಾಟಿದ...

'ಗುಳಕ್.'

'ಸೊರ್ರ್...'

ಆಮೇಲೆ 'ಚಪ್... ಚಪ್...' ಪುಟ್ಟ ಅಂಗೈ ನೀರಿಗೆ ಬಡಿಯೋ ಸದ್ದು.

ಆಮೇಲೆ ಕೆಮ್ಮು. ಸಣ್ಣದು. ಎಳೇ ಕೂಸಿನ ಕೆಮ್ಮು. ನಿಲ್ಲಲೇ ಇಲ್ಲ. ಮುಚ್ಚಳದ ಒಳಗಡೆಯಿಂದ ಉಗುರು ಗೀಚಿದ ಹಾಗೆ 'ಕರ್... ಕರ್...' ಅಂತು. ಒಂದು ಹೆಂಗಸಿನ ದನಿ. ಕಿರುಚಲಿಲ್ಲ. ಕೇಳಿಕೊಂಡಿತು, ಅಷ್ಟೇ.

"ಸಾಕು... ಸಾಕು ಕಣ್ರೀ..."

ಕೀ ಇರಲಿಲ್ಲ, ನಿಜ. ಆದರೆ ನೀರು ಹೊರಗೆ ಬಿಡುವ ವಾಲ್ವು ಅವನ ಕಾಲ ಹತ್ತಿರಾನೇ ಇತ್ತು. ಅರ್ಧ ಸುತ್ತು ತಿರುಗಿಸಿದ್ದರೆ ತೊಟ್ಟಿ ಖಾಲಿ. ಬಗ್ಗಿದ. ವಾಲ್ವು ಹಿಡಿದ. ಬೆಳಿಗ್ಗೆ ಆರು ಗಂಟೆಯ ನೆನಪು ಬಂತು...

ಕೈ ತೆಗೆದ. ಸೈಕಲ್ ಹತ್ತಿದ.

ಬೆಳಿಗ್ಗೆ ಬೀಗ ತೆಗೆದರೆ ನೀರು ಕನ್ನಡಿ. ಪರೀಕ್ಷೆ ಮಾಡಿದರೆ ಹಳದಿಯಲ್ಲ, ಕಡು ಕಿತ್ತಳೆ. ಹಾಕಿದ್ದರಲ್ಲಿ ಒಂದು ಚೂರೂ ಯಾರೂ ತಿಂದಿರಲಿಲ್ಲ. ಲಕ್ಷ್ಮೀನರಸಿಂಹ ಬೆನ್ನು ತಟ್ಟಿದರು. ಚಲುವಮ್ಮ ಮಾತ್ರ ಆಮೇಲೆ ಆ ಕಡೆ ಗುಡಿಸೋಕೆ ಬರಲಿಲ್ಲ. ಅವತ್ತು ಮುಚ್ಚಳ ತೆಗೆದಿಟ್ಟು, ಘಾಟು ಹೋಗೋವರೆಗೆ ಯಾರನ್ನೂ ಇಳಿಸಲಿಲ್ಲ. ಮುಂದಿನ ಹನ್ನೆರಡು ದಿನ ನೀರು ಒಮ್ಮೆಯೂ ಹದ ತಪ್ಪಲಿಲ್ಲ.

ಮೂರನೇ ದಿನ ಅಕ್ಷತಾಗೆ ಹೆರಿಗೆಯಾಯಿತು. ಹೆಣ್ಣು ಮಗು.

ಇನ್ನು ಮುಂದಿನದು ನಾನೇ ಕಂಡದ್ದು. ಇಲ್ಲಿವರೆಗೆ ಬೇಕಾದರೆ ನಂಬಬೇಡಿ.

ಹನ್ನೊಂದನೇ ದಿನದ ನೀರು. ಬೋರ್‌ವೆಲ್ಲಿಂದ ಎಂಟು ಕೊಡ ಹೊತ್ತು ಹಂಡೆ ತುಂಬಿದವನು ನಾನು. ಒಲೆ ಹಚ್ಚಿದವನೂ ನಾನೇ. "ಮೈಗಳ್ಳ, ಕೊನೆಗೂ ಒಂದು ಕೆಲಸಕ್ಕೆ ಬಂದೆ" ಅಂತ ದೊಡ್ಡಮ್ಮ ಮಹದೇವಮ್ಮ ಹೊಗಳಿದಳು. ಅಕ್ಷತಾನ ಮಣೆ ಮೇಲೆ ಕೂರಿಸಿ, ಬಾಗಿಲು ಮುಂದೆ ಹಾಕಿಕೊಂಡು, ತಾನು ಕಾಲು ಚಾಚಿ ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡಳು. ನಾನು, ಮಹಾಂತೇಶ ಹೊರಗೆ ಜಗಲಿ ಮೇಲೆ. ಅವನು ಮಗಳ ಹೆಸರು ಹೇಳ್ತಿದ್ದ, ಲಾಸ್ಯ ಅಂತ ಇಡೋಣ ಅಂತಿದ್ದ.

ಒಳಗೆ 'ಗುಳಕ್' ಅಂತು. 'ಸೊರ್ರ್...'

ಅವನು ಬಚ್ಚಲ ಬಾಗಿಲ ಕಡೆ ತಿರುಗಿದ.

"ಸಾಕು... ಸಾಕು ಕಣ್ರೀ..."

ನನಗೂ ಕೇಳಿಸಿತು. ಸ್ಪಷ್ಟವಾಗಿ. ನಾನು ಇನ್ನೂ ಏಳುವಷ್ಟರಲ್ಲಿ ಅವನು ಬಾಗಿಲು ಒದ್ದಿದ್ದ. ದೊಡ್ಡಮ್ಮ ತುಂಬಿದ ತಂಬಿಗೆ ಎತ್ತಿ ಹಿಡಿದಿದ್ದಳು, ಮಗುವಿನ ನೆತ್ತಿಯ ಮೇಲೆ. ಅವನು ಅವಳ ಕೈಗೇ ಹೊಡೆದ. ತಂಬಿಗೆ 'ಠಣ್' ಅಂತ ಗೋಡೆಗೆ ಬಿತ್ತು.

"ಏನೋ ನಿನಗೆ ಹುಚ್ಚಾ? ಬಾಣಂತಿ ಕೂತಿರೋ ಬಚ್ಚಲಿಗೆ ನುಗ್ತೀಯಾ!"

"ಸಾಕು ಅಂದಳಲ್ಲ..."

"ಯಾರೋ ಅಂದದ್ದು?"

ಅಕ್ಷತಾ ಸೀರೆ ಎಳೆದುಕೊಂಡು ಅವನನ್ನೇ ನೋಡುತ್ತಿದ್ದಳು. "ನಾನು ಬಾಯೇ ಬಿಡಲಿಲ್ಲ ರೀ."

ಆಗಲೇ ನೋಡಿದ್ದು. ಮೊದಲ ತಂಬಿಗೆ ಬಿದ್ದ ಅವಳ ಭುಜ ಕೆಂಪಗೆ ಕುಡಿಕೆಯಷ್ಟಗಲ ಉಬ್ಬುತ್ತಿತ್ತು. ಬಚ್ಚಲ ತುಂಬ ಕ್ಲೋರಿನ್ ಘಾಟು. ನನ್ನ ಕಣ್ಣಲ್ಲೂ ನೀರು ಬಂತು. ಮಹಾಂತೇಶ ಸೈಕಲ್ ಬ್ಯಾಗಿನಿಂದ ಕೊಳವೆ ತಂದ. ಹಂಡೆಯ ನೀರು ತುಂಬಿದ. ಐದು ಹನಿ ಮದ್ದು ಹಾಕಿದ.

ಕಡು ಕಿತ್ತಳೆ.

ಬೋರ್‌ವೆಲ್ ನೀರಲ್ಲಿ ಕ್ಲೋರಿನ್ ಇರೋದಿಲ್ಲ. ಹೊತ್ತವನು ನಾನು. ಅದರಲ್ಲಿ ಏನೂ ಹಾಕಿಲ್ಲ. ನನ್ನ ಅವ್ವನಾಣೆ ಹಾಕಿಲ್ಲ.

ಅವನು ಯಾರಿಗೂ ಏನೂ ಹೇಳದೆ ಸೈಕಲ್ ಹತ್ತಿದ. ನಾನು ಹಿಂದೆ ಕೂತೆ. ಯಾದವಗಿರಿಗೆ ಹೋಗುವಷ್ಟರಲ್ಲಿ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ತೊಟ್ಟಿಯಲ್ಲಿ ನಾಲ್ಕು ಜನ ಕೂತು ನಗುತ್ತಿದ್ದರು. ಅವರು ಕೂತ ಹಾಗೇ ಇವನು ವಾಲ್ವು ತಿರುಗಿಸಿದ. ನೀರು ಇಳಿಯಿತು, ಸೊಂಟ, ಮೊಣಕಾಲು, ಪಾದ... ಲಕ್ಷ್ಮೀನರಸಿಂಹ ಕೂಗಾಡುತ್ತ ಬಂದರು. "ಏನೋ ಮಾಡ್ತಿದೀಯ?"

"ಹದಿಮೂರು ದಿನದ ಹಿಂದೆ ಮಾಡಬೇಕಾಗಿತ್ತು ಸಾರ್" ಅಂದ. ಅವರು ಗೇಟಿನ ಕಡೆ ಕೈ ತೋರಿಸಿದರು. ನಾವು ಹೊರಟೆವು. ಬಾವಿ ದಾಟುವಾಗ ನಾನು ಕಿವಿಗೊಟ್ಟೆ. ಏನೂ ಇರಲಿಲ್ಲ.

ಅವನು ಈಗ ಕುವೆಂಪುನಗರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಲಾಸ್ಯ ಚೆನ್ನಾಗಿದ್ದಾಳೆ. ಅಕ್ಷತಾಳ ಭುಜದ ಕಲೆ ಹೋಗಿಲ್ಲ. ಸೌದೆ ಒಲೆಯೋ, ಹಂಡೆಯೋ ನೆಟ್ಟಗಿರಲಿಲ್ಲ, ನೀರು ಅತಿ ಕಾದಿತ್ತು ಅಂತ ನೀವು ಅನ್ನಬಹುದು. ದೊಡ್ಡಮ್ಮನೂ ಹಾಗೇ ಅಂತಾಳೆ.

ಆದರೆ ಒಂದು ಮಾತು. ಆ ಮದ್ದಿನ ಬಣ್ಣ ಸಂಜೆವರೆಗೂ ನಿಲ್ಲೋದಿಲ್ಲ, ಮಂಕಾಗಿ ಹೋಗುತ್ತೆ. ಅವತ್ತಿನ ಆ ಕೊಳವೆಗೆ ಬಿರಡೆ ಹಾಕಿ ಹೂಟಗಳ್ಳಿ ಮನೆಯ ಬಚ್ಚಲ ಕಿಟಕಿಯಲ್ಲಿ ಇಟ್ಟಿದ್ದು ಹಾಗೇ ಇದೆ. ಐದು ವರ್ಷ ಆಯಿತು. ಕಳೆದ ತಿಂಗಳು ಹೋಗಿದ್ದೆ, ಬೆಳಕಿಗೆ ಹಿಡಿದು ನೋಡಿದೆ.

ಕಿತ್ತಳೆ. ಹಾಗೇ ಇದೆ.